ಊರಿನಲ್ಲೇ ಕೆಟ್ಟ ಹೋಟೆಲು

ನಮ್ಮ ಚಿಕ್ಕಮ್ಮನ ಗಂಡ ಮನೆ ಬಿಟ್ಟು ಹೋದದ್ದು ಚಿಕ್ಕಮ್ಮನದೇ ಕಾರಿನಲ್ಲಿ. ಆ ಕಾರನ್ನು ಓಡಿಸಿಕೊಂಡು ಹೋದವಳು ಚಿಕ್ಕಮ್ಮನದೇ ಶಿಷ್ಯೆ.

ಚಿಕ್ಕಮ್ಮ ಆಗಲೂ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಳು, ಈಗಲೂ ನಡೆಸುತ್ತಾಳೆ. ಆ ಹೆಂಗಸಿಗೆ ಕ್ಲಚ್ಚು ಬಿಡುವುದನ್ನು, ಗೇರು ಬದಲಿಸುವುದನ್ನು, ಏರಿನಲ್ಲಿ ಗಾಡಿ ಹಿಂದಕ್ಕೆ ಜಾರದಂತೆ ಹಿಡಿಯುವುದನ್ನು ತಾಳ್ಮೆಯಿಂದ ಕಲಿಸಿದ್ದಳು. ಕಲಿತ ವಿದ್ಯೆ ವ್ಯರ್ಥವಾಗಲಿಲ್ಲ. ಒಂದು ಬೆಳಿಗ್ಗೆ "ಚಪ್ಪಲಿ ಹೊಲಿಸ್ಕೊಂಡು ಬರ್ತೀನಿ" ಎಂದು ಹೊರಬಿದ್ದ ಚಿಕ್ಕಪ್ಪ, ಹಿಂದೆ ಮುಂದೆ ಕೆಂಪು 'ಎಲ್' ಅಂಟಿಸಿಕೊಂಡ ಆ ಕಾರಿನಲ್ಲಿ ಅವಳ ಪಕ್ಕ ಕೂತು ಊರು ದಾಟಿದರು. ಸ್ವಲ್ಪ ದಿನ ಕಳೆದ ಮೇಲೆ ಕಾರೊಂದೇ ಲಾರಿಯ ಬೆನ್ನೇರಿ ವಾಪಸಾಯಿತು. ಚಿಕ್ಕಮ್ಮ ಅದರ ಹಿಂದಿನ ಚಕ್ರದ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ಮೂಸಿ ನೋಡಿ, ಕಿರುಚಿಕೊಂಡದ್ದು ಇಡೀ ಬೀದಿಗೆ ಕೇಳಿಸಿತ್ತು.

"ಗಂಡ ಹೋದ್ರೆ ಹೋದ, ಹ್ಯಾಂಡ್‌ಬ್ರೇಕ್ ಹಾಕ್ಕೊಂಡೇ ಅಷ್ಟು ದೂರ ಓಡಿಸಿದ್ದಾಳಲ್ಲೇ ಅಕ್ಕಾ! ನಾನು ಕಲಿಸಿದ್ದು ಇದನ್ನಾ?"

ಆಗ ನಾನಿನ್ನೂ ಚಿಕ್ಕವಳು. ಚಿಕ್ಕಪ್ಪ ಅಂದರೆ ನನಗೆ ನೆನಪಿರುವುದು ಅವರು ಊಟಕ್ಕೆ ಕೂರುತ್ತಿದ್ದ ರೀತಿ. ಮೊದಲ ತುತ್ತು ಬಾಯಿಗಿಟ್ಟು, ಕಣ್ಣು ಮೇಲೆ ಮಾಡಿ, ತೀರ್ಪು ಬರೆಯುವ ಜಡ್ಜಿನ ಹಾಗೆ ಸ್ವಲ್ಪ ಹೊತ್ತು ಛಾವಣಿ ನೋಡುತ್ತಿದ್ದರು. ಆಮೇಲೆ ಹೇಳುತ್ತಿದ್ದರು: "ಎಲ್ಲಾ ಚೆನ್ನಾಗಿದೆ. ಉಪ್ಪು ಮಾತ್ರ ಒಂಚೂರು ಕಮ್ಮಿ." ದಿನಾ ಇದೇ. ನಾನು ಅವರಿಗೆ ಉಪ್ಪು ಚಿಕ್ಕಪ್ಪ ಅಂತಲೇ ಹೆಸರಿಟ್ಟಿದ್ದೆ. ಅವರು ಓಡಿಹೋದ ದಿನ ಚಿಕ್ಕಮ್ಮ ತನ್ನ ಮನೆಯ ಒಲೆಯನ್ನು ಹಳೇ ಸಾಮಾನಿನವನಿಗೆ ಕೊಟ್ಟುಬಿಟ್ಟಳು. ಅಂದಿನಿಂದ ಅವಳ ಊಟ ಪಕ್ಕದ ಮನೆಯಲ್ಲಿ, ಅಂದರೆ ನಮ್ಮಲ್ಲಿ.

ಸತ್ಯಕ್ಕೆ ಅಪಚಾರವಾಗಬಾರದೆಂದು ಒಂದು ಮಾತು ಹೇಳಿಬಿಡುತ್ತೇನೆ. ಚಿಕ್ಕಮ್ಮನಿಗೆ ಅಡುಗೆ ಬರುವುದಿಲ್ಲ. ಒಮ್ಮೆ ಅಮ್ಮ ಜ್ವರ ಬಂದು ಮಲಗಿದಾಗ ನಮ್ಮ ಅಡುಗೆಮನೆ ಚಿಕ್ಕಮ್ಮನ ಕೈಗೆ ಹೋಗಿತ್ತು. ಒಗೆದ ಬಟ್ಟೆ ಹಿಂಡಿದ ನೀರಿನಂಥ ಸೂಪು, ಹೊರಗೆ ಕರಗಿ ಒಳಗೆ ಕಲ್ಲಾದ ಆಲೂಗಡ್ಡೆ. ಅಮ್ಮ ಹೆದರಿಕೆಗೇ ಗುಣವಾಗಿ ಎದ್ದು ಕೂತಳು. ಆದರೆ ಇದನ್ನು ಚಿಕ್ಕಮ್ಮನಿಗೆ ಯಾರೂ ಹೇಳಿರಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಹೇಳುತ್ತಿದ್ದವರು ಒಬ್ಬರೇ, ಅವರೂ ಉಪ್ಪಿನ ಮಟ್ಟಕ್ಕೆ ನಿಲ್ಲಿಸುತ್ತಿದ್ದರು. ಈಗ ಯೋಚಿಸಿದರೆ ಅವರದು ಭಾರೀ ಸಂಯಮವೇ ಸರಿ.

ಇಂಥ ಉಪ್ಪು ಚಿಕ್ಕಪ್ಪನ ಫೋನು ಕೆಲವು ತಿಂಗಳ ಹಿಂದೆ ಒಂದು ಸಂಜೆ ನಾವು ಮೂವರೂ ಊಟಕ್ಕೆ ಕೂತಿದ್ದಾಗ ಬಂತು. ಚಿಕ್ಕಮ್ಮನ ಕೈ ಎಂಜಲು. ಮೊಣಕೈಯಿಂದಲೇ ಒತ್ತಿ ಸ್ಪೀಕರಿಗೆ ಹಾಕಿದಳು.

"ನಾನು," ಅಂದಿತು ಫೋನು.

"ಯಾವ ನಾನು?"

"ನಾನೇ ಕಣೇ. ಗುರುತು ಸಿಗ್ಲಿಲ್ವಾ? ಪಂಪು ಮಾರೋರದ್ದು ಮೀಟಿಂಗ್ ಇದೆ, ಶನಿವಾರ ನಿಮ್ಮೂರಿಗೆ ಬರ್ತಾ ಇದ್ದೀನಿ. ಸಂಜೆ ಪುರುಸೊತ್ತಾಗಿರ್ತೀನಿ. ಒಟ್ಟಿಗೆ ಎಲ್ಲಾದ್ರೂ ಊಟ ಮಾಡೋಣ್ವಾ ಅಂತ. ಜಾಗ ನೀನೇ ಆರಿಸು. ಊರು ತುಂಬಾ ಬದಲಾಗಿರುತ್ತೆ, ನಂಗೇನೂ ಗೊತ್ತಾಗಲ್ಲ."

ಅಮ್ಮ ಎರಡೂ ಕೈ ಆಡಿಸಿ ಬೇಡ ಬೇಡ ಎಂದು ಸನ್ನೆ ಮಾಡಿದಳು. ಸಾಲದ್ದಕ್ಕೆ ತನ್ನ ಕತ್ತಿಗೆ ತಾನೇ ಕೈ ಹಾಕಿ ಹಿಸುಕಿಯೂ ತೋರಿಸಿದಳು. ಚಿಕ್ಕಮ್ಮನ ಮುಖ ಮಾತ್ರ ನಿಧಾನವಾಗಿ ಅರಳಿತು. ಕಲಿಯುವವರು ಮೊದಲ ಸಲ ಗಾಡಿಯನ್ನು ನೆಟ್ಟಗೆ ಹಿಂದಕ್ಕೆ ತಂದಾಗ ಮಾತ್ರ ಅವಳ ಮುಖ ಹಾಗೆ ಅರಳುವುದು.

"ಬನ್ನಿ ಬನ್ನಿ," ಅಂದಳು. "ಪರ ಊರಿನ ಅತಿಥಿ ನೀವು. ಒಳ್ಳೇ ಜಾಗ ನೋಡಿಡ್ತೀನಿ."

ಫೋನಿಟ್ಟು ನನ್ನ ಕಡೆ ತಿರುಗಿದಳು. "ನಮ್ಮೂರಲ್ಲಿ ಎಲ್ಲಕ್ಕಿಂತ ಕೆಟ್ಟ ಹೋಟ್ಲು ಯಾವುದೇ?"

"ಕೆಟ್ಟದ್ದು ಅಂದ್ರೆ?"

"ಬಾಯಿಗಿಟ್ರೆ ಹುಟ್ಟಿದ ದಿನವನ್ನೇ ಶಪಿಸ್ಕೋಬೇಕು. ಆದ್ರೆ ನಾನು ಬೇಕೂಂತ್ಲೇ ಕರ್ಕೊಂಡು ಬಂದೆ ಅಂತ ಅನ್ನಿಸ್ಬಾರ್ದು. ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು. ಉಪ್ಪು ಕಮ್ಮಿ ಅಂದ್ರೇನು ಅಂತ ಆ ಮಹಾಶಯರಿಗೆ ಒಂದ್ಸಲ ಗೊತ್ತಾಗ್ಲಿ."

"ನಿಂಗೇನು ತಲೆ ಕೆಟ್ಟಿದ್ಯಾ?" ಅಮ್ಮ ಕೇಳಿದಳು.

"ಅಕ್ಕಾ, ಇನ್ನೊಂಚೂರು ಬಡಿಸು," ಅಂದಳು ಚಿಕ್ಕಮ್ಮ.

ಹೀಗೆ ನಮ್ಮ ಹುಡುಕಾಟ ಶುರುವಾಯಿತು. ನಾನು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಬಂದವರ ಮೂಗಿಗೆ ಫ್ರೇಮು ಕೂರಿಸಿ, ಕಿವಿಯ ಹಿಂದೆ ಕಡ್ಡಿ ಬಗ್ಗಿಸುವಾಗ ಅವರು ಅಲ್ಲಾಡುವಂತಿಲ್ಲ, ಎದ್ದು ಹೋಗುವಂತೆಯೂ ಇಲ್ಲ. ಪ್ರಶ್ನೆ ಕೇಳಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ. "ಈಚೆಗೆ ಯಾವ ಹೋಟ್ಲಲ್ಲಿ ಊಟ ಕೆಟ್ಟದಾಗಿತ್ತು?" ಎಂದು ಒಬ್ಬೊಬ್ಬರನ್ನೇ ಕೇಳಿದೆ. ಹಲ್ಲು ಕಟ್ಟಿಸಿಕೊಂಡವರು ಎಲ್ಲ ಹೋಟೆಲುಗಳನ್ನೂ ಬೈದರು. ಹೊಸದಾಗಿ ಮದುವೆಯಾದವರಿಗೆ ಏನು ತಿಂದೆವು ಎಂಬುದೇ ನೆನಪಿರಲಿಲ್ಲ. ಕೊನೆಗೆ ನಾನೂ ಚಿಕ್ಕಮ್ಮನೂ ಸ್ವತಃ ತಿಂದು ನೋಡುವುದೆಂದು ತೀರ್ಮಾನವಾಯಿತು.

ಮೊದಲು ಹೋದದ್ದು ಸಿನಿಮಾ ಟಾಕೀಸಿನ ಹಿಂದಿನ ಹೋಟೆಲಿಗೆ. ಅಲ್ಲಿ ತಿಂದವರು ಮಧ್ಯಂತರದಲ್ಲೇ ಮನೆಗೆ ಓಡುತ್ತಾರೆಂದು ಪ್ರತೀತಿ. ಆದರೆ ನಮ್ಮ ಗ್ರಹಚಾರ, ಹೋದ ತಿಂಗಳಷ್ಟೇ ಅಡುಗೆಯವನು ಬದಲಾಗಿದ್ದ. ಮೀನು ಎಷ್ಟು ಚೆನ್ನಾಗಿತ್ತೆಂದರೆ ಚಿಕ್ಕಮ್ಮ ಎರಡನೇ ಸಲ ತರಿಸಿಕೊಂಡು, ಅದನ್ನೂ ಮುಗಿಸಿ, ಬೆರಳು ನೆಕ್ಕುತ್ತ ಬೈದಳು. "ಮುಂಡೇಗಂಡ, ಈಗಲೇ ಸುಧಾರಿಸ್ಬೇಕಿತ್ತಾ ಇವ್ನು?"

ಆಮೇಲೆ ಮಾರುಕಟ್ಟೆಯ ಮೂಲೆಯಲ್ಲಿದ್ದ ಒಂದು ಕತ್ತಲ ಕೋಣೆ. ಮೇಜಿಗೆ ಮೊಣಕೈ ಊರಿದರೆ ಎತ್ತಲು ಬಲ ಹಾಕಬೇಕು, ಅಷ್ಟು ಅಂಟು. ನಮ್ಮ ಮೇಜಿನ ಕೆಳಗೆ ಬೆಕ್ಕೊಂದು ಸಂಸಾರ ಹೂಡಿತ್ತು. ಚಿಕ್ಕಮ್ಮ ಆಸೆಯಿಂದ ನನ್ನ ಕಾಲು ತುಳಿದಳು. ಆದರೆ ಗಲೀಜು ಹೋಟೆಲಿನ ಊಟಕ್ಕೆ ರುಚಿ ಹೆಚ್ಚು ಎಂಬ ಲೋಕನಿಯಮವನ್ನು ನಾವು ಮರೆತಿದ್ದೆವು. ಅಲ್ಲೂ ತಟ್ಟೆ ಒರೆಸಿ ತಿಂದೆವು.

ಊರಿಗೆ ಹೊಸದಾಗಿ ಬಂದ ದೊಡ್ಡ ಹೋಟೆಲಿಗೂ ಒಂದು ಸಲ ಇಣುಕಿದೆವು. ಅಲ್ಲಿ ಬಂಡಿಚಕ್ರದಷ್ಟು ದೊಡ್ಡ ತಟ್ಟೆಯ ನಡುವೆ ಬೊಟ್ಟಿನಷ್ಟು ಊಟ ಇಟ್ಟುಕೊಟ್ಟರು. ನನಗೆ ಅದೇ ಸರಿ ಅನ್ನಿಸಿತು. ಹಸಿದುಕೊಂಡೇ ಹೋಗುತ್ತಾರಲ್ಲ! ಚಿಕ್ಕಮ್ಮ ಒಪ್ಪಲಿಲ್ಲ.

"ಇಲ್ಲಿ ಕರ್ಕೊಂಡು ಬಂದ್ರೆ ಹೋದಲ್ಲೆಲ್ಲ ಹೇಳ್ಕೊಂಡು ತಿರುಗ್ತಾರೆ, ಎಂಥಾ ಜಾಗದಲ್ಲಿ ಊಟ ಹಾಕಿಸಿದ್ಲು ಅಂತ. ಹೊಟ್ಟೆ ತುಂಬದಿದ್ರೂ ಜಂಬ ತುಂಬುತ್ತೆ. ಬೇಡ."

ಕಡೆಗೆ ಸಿಕ್ಕಿತು. ಟೈರಂಗಡಿಯ ಮೇಲಿನ ಮಹಡಿಯಲ್ಲಿ, ಕಬ್ಬಿಣದ ಮೆಟ್ಟಿಲು ಹತ್ತಿದರೆ ಒಂದು ಅಚ್ಚುಕಟ್ಟಾದ ಕೋಣೆ. ಮೇಜುಗಳು ಫಳಫಳ. ಗೋಡೆಗೆ ಹೊಸ ಬಣ್ಣ. ಊಟದ ಹೊತ್ತಾದರೂ ಒಂದು ನರಪಿಳ್ಳೆಯಿಲ್ಲ. ಬಾಗಿಲಲ್ಲಿ ಭಾರೀ ಮೀಸೆಯ ಒಬ್ಬರು ಬಲಗೈ ಎತ್ತಿ ನಮ್ಮನ್ನು ನಿಲ್ಲಿಸಿದರು. ಎಡಗೈ ಅಡ್ಡ ಬೀಸಿ ಕಿಟಕಿ ಪಕ್ಕದ ಮೇಜಿನ ಕಡೆ ಬಿಟ್ಟರು. ಆ ಕೈಯನ್ನು ಚಿಕ್ಕಮ್ಮ ತಕ್ಷಣ ಗುರುತಿಸಿದಳು.

"ಸೀಟಿ ಸಾಹೇಬ್ರು!"

ನಮ್ಮೂರಿನ ದೊಡ್ಡ ಸರ್ಕಲ್ಲಿನಲ್ಲಿ ಬಹುಕಾಲ ನಿಂತಿದ್ದ ಟ್ರಾಫಿಕ್ ಪೊಲೀಸರು ಅವರು. ಬಾಯಲ್ಲಿ ಸದಾ ಸೀಟಿ. ಡ್ರೈವಿಂಗ್ ಸ್ಕೂಲಿನ ಗಾಡಿ ಕಂಡರೆ ಅವರಿಗೆ ಎಲ್ಲಿಲ್ಲದ ಪ್ರೀತಿ. ಹಿಡಿದು ನಿಲ್ಲಿಸದೆ ಬಿಡುತ್ತಿರಲಿಲ್ಲ.

"ಮೇಡಂ, ನೀವಾ?" ಅವರೂ ಗುರುತಿಸಿದರು. "ನಿಮ್ಮ ಗಾಡಿಗಳು ಇನ್ನೂ ಸಿಗ್ನಲ್ ಹತ್ರ ನಿಂತೇಹೋಗ್ತವಾ?"

"ಅವು ನಿಲ್ತಿದ್ದಿದ್ದು ನಿಮ್ಮ ಸೀಟಿ ಕೇಳಿ ಹೆದರಿ. ಈಗೆಲ್ಲ ಸಲೀಸಾಗಿ ಹೋಗ್ತವೆ. ಇದೇನು ಹೋಟ್ಲು ಇಟ್ಟಿದ್ದೀರಿ?"

"ರಿಟೈರಾದೆ. ಮನೇಲಿ ಕೂತ್ರೆ ಕೈ ಸುಮ್ನಿರಲ್ಲ. ಅಡುಗೆ ಎಲ್ಲಾ ನಂದೇ."

ಸೂಪು ಬಂತು. ನಾನು ಒಂದು ಚಮಚ ಬಾಯಿಗಿಟ್ಟೆ. ಕಣ್ಣ ಮುಂದೆ ಅಮ್ಮ ಜ್ವರದಲ್ಲಿ ಮಲಗಿದ್ದ ಮಂಚ ಬಂದು ನಿಂತಿತು. ಅದೇ ಒಗೆದ ಬಟ್ಟೆಯ ನೀರು. ಆಮೇಲೆ ಬಂದ ಆಲೂಗಡ್ಡೆಯನ್ನು ಕಚ್ಚಿದೆ. ಅದೇ ಕಲ್ಲು, ಅದೇ ಜಾಗದಲ್ಲಿ. ಲೋಕದಲ್ಲಿ ಒಬ್ಬರ ಹಾಗೆ ಏಳು ಜನ ಇರುತ್ತಾರಂತೆ. ಒಂದು ಕೈರುಚಿಗೂ ಜೋಡಿ ಇರಬಹುದೆಂದು ನಾನು ಅಂದುಕೊಂಡಿರಲಿಲ್ಲ. ಇದು ತದ್ವತ್ ಚಿಕ್ಕಮ್ಮನ ಅಡುಗೆ.

ತನ್ನ ಅಡುಗೆಯ ರುಚಿಯನ್ನೇ ಮರೆತಿದ್ದ ಚಿಕ್ಕಮ್ಮ ಮಾತ್ರ ಒಂದೊಂದು ತುತ್ತಿಗೂ ಮುಖ ಹಿಂಡುತ್ತ, ಒಳಗೊಳಗೇ ಕುಣಿಯುತ್ತ, ನನ್ನ ಕಿವಿಯಲ್ಲಿ ಉಸುರಿದಳು. "ಅಬ್ಬಾ, ಏನೇ ಇದು! ಹೀಗೂ ಮಾಡೋಕೆ ಮನುಷ್ಯರ ಕೈಲಿ ಆಗುತ್ತಾ?"

ನಾನು ಆಲೂಗಡ್ಡೆ ನುಂಗಿದೆ. ಅದರ ಜೊತೆ ಮಾತನ್ನೂ ನುಂಗಿದೆ.

ಚಿಕ್ಕಮ್ಮನಿಗೆ ಇನ್ನೂ ಒಂದು ಅನುಮಾನ ಉಳಿದಿತ್ತು. "ಒಂದಿನ ಕೆಡೋದು ಯಾರಿಗಾದ್ರೂ ಆಗುತ್ತೆ. ದಿನಾ ಕೆಡಿಸ್ಬೇಕಾದ್ರೆ ಶ್ರದ್ಧೆ ಬೇಕು. ಅದು ಇವ್ರಿಗಿದ್ಯಾ ನೋಡ್ಬೇಕು." ಹಾಗಾಗಿ ಮತ್ತೆ ಹೋದೆವು, ಮತ್ತೂ ಹೋದೆವು. ಶ್ರದ್ಧೆಯಲ್ಲಿ ಎಳ್ಳಷ್ಟೂ ಕೊರತೆಯಿರಲಿಲ್ಲ.

ಆದರೆ ಇತ್ತ ಇನ್ನೊಂದು ನಡೆಯುತ್ತಿತ್ತು. ಆ ಹೋಟೆಲಿಗೆ ಒಮ್ಮೆ ಬಂದ ಗಿರಾಕಿ ಎರಡನೇ ಸಲ ಬಂದದ್ದು ಅದೇ ಮೊದಲು. ಸೀಟಿ ಸಾಹೇಬರು ನಮ್ಮನ್ನು ಕಂಡರೆ ಮೆಟ್ಟಿಲ ತುದಿಗೇ ಬರತೊಡಗಿದರು. ಚಿಕ್ಕಮ್ಮ ಕೂರುವ ಕುರ್ಚಿಗೆ ದಿಂಬು ಬಂತು. ಅವಳು ಕಷ್ಟಪಟ್ಟು ನುಂಗುವುದನ್ನು ಅವರು ಗೋಡೆಗೆ ಒರಗಿ ನೋಡುವಾಗ, ಸರ್ಕಲ್ಲಿನಲ್ಲಿ ಎಂದೂ ಕಾಣದಿದ್ದ ಒಂದು ಮೆದು ನಗು ಆ ಮೀಸೆಯ ಕೆಳಗೆ ಕಾಣುತ್ತಿತ್ತು.

"ಶನಿವಾರ ಪರ ಊರಿಂದ ಒಬ್ರು ಗೆಸ್ಟ್ ಬರ್ತಿದ್ದಾರೆ," ಚಿಕ್ಕಮ್ಮ ಹೇಳಿದಳು. "ಕಿಟಕಿ ಮೇಜು ನಮಗಿರ್ಲಿ. ಅಡುಗೆ ಹೀಗೇ ಇರ್ಲಿ, ಏನೂ ಬದಲಾಯಿಸ್ಬೇಡಿ."

"ಹೀಗೇ ಇರ್ಲಿ ಅಂದ್ರಾ?" ಸಾಹೇಬರು ಮೀಸೆ ನೀವಿಕೊಂಡರು. "ಮೇಡಂ, ನನ್ನ ಸರ್ವೀಸಲ್ಲೇ ಯಾರೂ ಹಾಗಂದಿರ್ಲಿಲ್ಲ."

ಮೆಟ್ಟಿಲಿಳಿಯುವಾಗ ನಾನೆಂದೆ, "ಚಿಕ್ಕಮ್ಮ, ಪಾಪ ಅನ್ಸುತ್ತೆ ಕಣೇ."

"ಪಾಪ ಏನು ಬಂತು? ವ್ಯಾಪಾರ ತಾನೇ ಕೊಡ್ತಿರೋದು?" ಅಂದಳು. ಆದರೆ ಕೊನೆಯ ಮೆಟ್ಟಿಲಿನಲ್ಲಿ ನಿಂತು ಒಮ್ಮೆ ತಿರುಗಿ ಮೇಲೆ ನೋಡಿದಳು.

ಶನಿವಾರ ಸಂಜೆ ಉಪ್ಪು ಚಿಕ್ಕಪ್ಪ ಬಂದರು. ಕೂದಲಿಗೆ ಕಡುಗಪ್ಪು ಬಣ್ಣ, ಅದಕ್ಕೊಪ್ಪದ ಬಿಳಿ ಹುಬ್ಬು. ಹಿಂದೆ ಇದ್ದ ಹೊಟ್ಟೆ ಎಲ್ಲೋ ಹೊರಟುಹೋಗಿತ್ತು. ನನ್ನನ್ನು ನೋಡಿ, "ಎಷ್ಟು ದೊಡ್ಡವಳಾಗಿದ್ದೀಯಮ್ಮಾ!" ಅಂದರು, ಅವರಿಲ್ಲದ ಹೊತ್ತಿನಲ್ಲಿ ನಾನು ಬೇಕೆಂದೇ ಬೆಳೆದುಬಿಟ್ಟೆನೋ ಎಂಬಂತೆ. ಕಬ್ಬಿಣದ ಮೆಟ್ಟಿಲು ಹತ್ತುವಾಗ ಏದುಸಿರು ಬಿಟ್ಟರು.

ಸೀಟಿ ಸಾಹೇಬರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಾಗಿಲಲ್ಲಿ ನಿಂತಿದ್ದರು. ಮೇಜಿಗೆ ಹೊಸ ಬಟ್ಟೆ, ಗಾಜಿನ ಲೋಟದಲ್ಲಿ ನಾಲ್ಕು ಹೂವು. ಅಂದು ಅವರು ಕೈ ಅಡ್ಡ ಬೀಸಿದ್ದನ್ನು ನೋಡಿದರೆ ಯಾರೋ ಮಂತ್ರಿಯ ಕಾರಿಗೆ ದಾರಿ ಬಿಡಿಸುತ್ತಿದ್ದಾರೆ ಅನ್ನಿಸುತ್ತಿತ್ತು.

"ಪರ್ವಾಗಿಲ್ವೇ, ಜಾಗ ಚೆನ್ನಾಗಿದೆ," ಚಿಕ್ಕಪ್ಪ ಸುತ್ತ ಕಣ್ಣಾಡಿಸಿದರು.

"ಊಟ ಇನ್ನೂ ಚೆನ್ನಾಗಿರುತ್ತೆ," ಚಿಕ್ಕಮ್ಮ ಅಂದಳು. "ಅಂದ ಹಾಗೆ, ನಿಮ್ಮಾಕೆ ಬರ್ಲಿಲ್ವಾ?"

ಚಿಕ್ಕಪ್ಪ ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ಅವಳು ಹೋದ್ಲು."

"ಅಯ್ಯೋ ಪಾಪ! ಏನಾಗಿತ್ತು?"

"ಆ ರೀತಿ ಹೋಗಿದ್ದಲ್ಲ. ಕಾರಲ್ಲಿ ಹೋದ್ಲು. ನಮ್ಮ ಪಂಪು ಕಂಪನಿ ಮ್ಯಾನೇಜರ್ ಜೊತೆ."

ಚಿಕ್ಕಮ್ಮ ಮೇಜಿನ ಮೇಲೆ ಬಾಗಿದಳು. ಅಂದು ಅವಳು ಕೇಳಿದ ಪ್ರಶ್ನೆಗಳಲ್ಲಿ ಮನಃಪೂರ್ವಕವಾಗಿ ಕೇಳಿದ್ದು ಇದೊಂದೇ ಇರಬೇಕು. "ಹ್ಯಾಂಡ್‌ಬ್ರೇಕ್ ತೆಗೆದಿದ್ಲಾ?"

ಅಷ್ಟರಲ್ಲಿ ಸೂಪು ಬಂತು. ಸಾಹೇಬರು ಬಟ್ಟಲನ್ನು ಎರಡೂ ಕೈಯಲ್ಲಿ ತಂದಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ನೆಟ್ಟಗೆ ನಿಂತರು. ಚಿಕ್ಕಮ್ಮ ಗಲ್ಲಕ್ಕೆ ಕೈಯಿಟ್ಟು ಕೂತಳು. ಚಿಕ್ಕಪ್ಪ ಒಂದು ಚಮಚ ಬಾಯಿಗಿಟ್ಟುಕೊಂಡು, ಅಭ್ಯಾಸದಂತೆ ಕಣ್ಣು ಛಾವಣಿಗೆ ಏರಿಸಿದರು. ಆ ಕಣ್ಣು ಇಳಿಯಲೇ ಇಲ್ಲ. ನೋಡುತ್ತಿದ್ದ ಹಾಗೇ ಅದರಲ್ಲಿ ನೀರು ತುಂಬಿತು.

"ಇದು..." ಚಮಚ ಕೆಳಗಿಟ್ಟರು. "ಇದನ್ನ ನೀನೇ ಮಾಡಿದ್ದಾ?"

"ನಾನಾ?" ಚಿಕ್ಕಮ್ಮ ಬೆಚ್ಚಿದಳು.

"ನಾನು ಮಾಡಿದ್ದು ಸಾರ್," ಸಾಹೇಬರು ಒಂದು ಹೆಜ್ಜೆ ಮುಂದೆ ಬಂದರು.

"ಅದೇ ರುಚಿ. ಅದೇ ಕೈ." ಚಿಕ್ಕಪ್ಪ ಇನ್ನೊಂದು ಚಮಚ, ಮತ್ತೊಂದು ಚಮಚ ಕುಡಿದರು. "ಕಣ್ಣು ಮುಚ್ಚಿಕೊಂಡ್ರೆ ನಮ್ಮನೆ ಅಡುಗೆಮನೇಲಿ ಕೂತ ಹಾಗಿದೆ. ನಂಗೆ ಗೊತ್ತಾಯ್ತು ಬಿಡು. ಊರೆಲ್ಲಾ ಹುಡುಕಿ, ನಿನ್ನ ಕೈರುಚಿ ಸಿಗೋ ಜಾಗಾನೇ ಆರಿಸಿದ್ದೀಯ. ನನಗೋಸ್ಕರ!"

ಊರೆಲ್ಲ ಹುಡುಕಿದ್ದೇನೋ ನಿಜ.

ಚಿಕ್ಕಮ್ಮ ತನ್ನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಒಂದು ಚಮಚ ತೆಗೆದುಕೊಂಡು, ನುಂಗದೆ ಬಾಯಲ್ಲೇ ಇಟ್ಟುಕೊಂಡು, ಮೊದಲ ಸಲ ಗಮನವಿಟ್ಟು ರುಚಿ ನೋಡಿದಳು. ಅವಳ ಮುಖದ ಮೇಲಿದ್ದ ಗೆಲುವು ಸ್ವಲ್ಪಸ್ವಲ್ಪವಾಗಿ ಜಾರಿ ಬೀಳುತ್ತಿತ್ತು. ಬಿಸಿ ತುಪ್ಪದ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು. ಕೊನೆಗೆ ನುಂಗಿ ನನ್ನ ಕಡೆ ತಿರುಗಿದಳು.

"ಹೌದೇನೇ?" ಪಿಸುಗುಟ್ಟಿದಳು.

ನಾನು ನೀರಿನ ಲೋಟ ನೋಡಿದೆ.

"ನಿಂಗೆ ಗೊತ್ತಿತ್ತಾ?"

"ಹೂಂ."

"ಯಾವಾಗಿಂದ?"

"ಮೊದಲನೇ ಚಮಚದಿಂದ."

"ನಿಮ್ಮಮ್ಮಂಗೆ?"

"ಆ ಜ್ವರದಿಂದ."

ಅವಳು ಕಿಟಕಿಯಾಚೆ ನೋಡುತ್ತ ಕೂತಳು. ಕೆಳಗೆ ಟೈರಂಗಡಿಯವನು ಪಂಕ್ಚರಾದ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ. ಚಿಕ್ಕಮ್ಮನ ಬಗ್ಗೆ ನನಗೆ ಅಷ್ಟು ಕನಿಕರ ಎಂದೂ ಬಂದಿರಲಿಲ್ಲ. ಗಂಡ ಓಡಿಹೋದಾಗಲೂ ಅವಳು ಹೀಗೆ ಮಾತು ಸತ್ತವಳಂತೆ ಕೂತಿರಲಿಲ್ಲ.

ಚಿಕ್ಕಪ್ಪ ಆ ಮೌನವನ್ನು ತಮಗೆ ಬೇಕಾದಂತೆ ಓದಿಕೊಂಡರು. ಸೂಪಿನ ಬೆನ್ನಿಗೇ ಬಂದಿದ್ದ ಆಲೂಗಡ್ಡೆಯನ್ನು ಕಟಕಟ ಕಡಿಯುತ್ತ, ಮೇಜಿನ ಮೇಲಿಂದ ಅವಳ ಕೈಗೆ ಕೈ ಚಾಚಿದರು.

"ನೋಡು, ನಾನು ಸುತ್ತಿ ಬಳಸಿ ಮಾತಾಡಲ್ಲ. ವಯಸ್ಸಾಯ್ತು. ಒಬ್ನೇ ಇರೋಕೆ ಆಗ್ತಿಲ್ಲ. ನೀನೂ ಒಬ್ಳೇ. ವಾಪಸ್ ಬಂದುಬಿಡ್ಲಾ ಅಂತ ಕೇಳೋಕೇ ಬಂದೆ. ಕೇಳೋಕೆ ಮುಂಚೆನೇ ನೀನು ಉತ್ತರ ಹೇಳ್ಬಿಟ್ಟೆ."

ಸೀಟಿ ಸಾಹೇಬರು ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡರು. ತಮ್ಮ ಸೂಪಿನಿಂದ ಒಂದು ಸಂಸಾರ ಕೂಡಿಬರುವುದನ್ನು ಯಾವ ಹೋಟೆಲಿನವರು ತಾನೇ ಕಂಡಿರುತ್ತಾರೆ?

ಚಿಕ್ಕಮ್ಮ ಬಾಯಿ ತೆರೆದಳು. ನನಗೆ ಅವಳ ಇಕ್ಕಟ್ಟು ಅರ್ಥವಾಯಿತು. ಈ ಜಾಗವನ್ನು ಯಾಕೆ ಆರಿಸಿದೆ ಎಂದು ಹೇಳಿದರೆ ಎದುರಿಗೆ ಕೂತವರು ತೊಲಗುತ್ತಾರೆ, ಆದರೆ ಹಿಂದೆ ನಿಂತವರ ಎದೆ ಒಡೆಯುತ್ತದೆ. ಹೇಳದಿದ್ದರೆ ಪಂಪಿನ ಗಂಟುಮೂಟೆ ಸಮೇತ ಉಪ್ಪು ಚಿಕ್ಕಪ್ಪ ಮನೆಯೊಳಗೆ.

ಅವಳನ್ನು ಆ ಇಕ್ಕಟ್ಟಿನಿಂದ ಪಾರು ಮಾಡಿದವರು ಚಿಕ್ಕಪ್ಪನೇ. ಸೂಪಿನ ಬಟ್ಟಲನ್ನು ಎತ್ತಿ ಕೊನೆಯ ಗುಟುಕನ್ನೂ ಕುಡಿದು, ತೃಪ್ತಿಯಿಂದ ಹಿಂದಕ್ಕೆ ಒರಗಿ, ಛಾವಣಿ ನೋಡಿದರು.

"ಎಲ್ಲಾ ಚೆನ್ನಾಗಿದೆ," ಅಂದರು. "ಉಪ್ಪು ಮಾತ್ರ ಒಂಚೂರು ಕಮ್ಮಿ."

ಸೀಟಿ ಸಾಹೇಬರ ಮೀಸೆ ಇಳಿಯಿತು. ಟವೆಲು ಹಿಡಿದ ಕೈ ಅರ್ಧದಲ್ಲೇ ನಿಂತಿತು. ಶಾಲೆಯಲ್ಲಿ ತಪ್ಪು ಲೆಕ್ಕ ಮಾಡಿ ಹಲಗೆಯ ಮುಂದೆ ನಿಂತ ಮಗುವಿನ ಹಾಗೆ ಕಂಡರು ಆ ದೈತ್ಯ. ಚಿಕ್ಕಮ್ಮ ಅವರ ಮುಖ ನೋಡಿದಳು. ಹಿಂದೆ ಎಷ್ಟೋ ವರ್ಷ ಅಡುಗೆಮನೆಯ ಬಾಗಿಲಲ್ಲಿ ತಾನು ನಿಲ್ಲುತ್ತಿದ್ದದ್ದೂ ಹೀಗೇ ಎಂದು ಅವಳಿಗೆ ಅನ್ನಿಸಿರಬೇಕು. ಮೇಜಿನ ಮೇಲಿನ ಹೂವಿನ ಲೋಟ ಅಲ್ಲಾಡುವಂತೆ ಎದ್ದು ನಿಂತಳು.

"ಉಪ್ಪು ಸರಿಯಾಗಿದೆ!"

"ಅಲ್ಲ ಕಣೇ, ನಾನೇನು ಕೆಟ್ಟದಾಗಿದೆ ಅಂದ್ನಾ..."

"ಉಪ್ಪು ಸರಿಯಾಗಿದೆ ಅಂದೆ! ಈ ಮನುಷ್ಯ ಬೆಳಗಿನಿಂದ ಒಲೆ ಮುಂದೆ ನಿಂತಿದ್ದಾರೆ. ಬಟ್ಟಲು ನೆಕ್ಕಿ ಖಾಲಿ ಮಾಡಿ ಆಮೇಲೆ ಕಮ್ಮಿ ಅಂತೀರಲ್ಲ, ಬಾಯಲ್ಲಿ ಹುಳ ಬೀಳುತ್ತೆ! ಮೇಜಿನ ಮೇಲೆ ಉಪ್ಪಿನ ಡಬ್ಬಿ ಇಲ್ವಾ? ನಿಮಗೆ ಕೈ ಇಲ್ವಾ? ಅವತ್ತೂ ಇತ್ತು ಡಬ್ಬಿ, ನಿಮ್ಮ ಮೂಗಿನ ಕೆಳಗೇ ಇತ್ತು. ಒಂದಿನಾದ್ರೂ ಎತ್ತಿ ಹಾಕ್ಕೊಂಡ್ರಾ?"

ಚಿಕ್ಕಪ್ಪ ಡಬ್ಬಿ ನೋಡಿದರು. ಅಂಥ ಒಂದು ಉಪಾಯ ಲೋಕದಲ್ಲಿದೆಯೆಂದು ಅವರಿಗೆ ಅಂದೇ ತಿಳಿದಂತಿತ್ತು.

"ನೀವು ಬಿಟ್ಟು ಹೋದ ಸಿಟ್ಟು ನಂಗಿಲ್ಲ," ಚಿಕ್ಕಮ್ಮನ ದನಿ ಇಳಿಯಿತು. "ಅದು ತುಕ್ಕು ಹಿಡಿದು ಯಾವತ್ತೋ ಉದುರಿಹೋಯ್ತು. ಆದ್ರೆ ಮತ್ತೆ ದಿನಾ ಸಂಜೆ ನೀವು ಛಾವಣಿ ನೋಡೋದನ್ನ ನಾನು ನೋಡ್ಕೊಂಡು ಕೂರಲ್ಲ. ಬಂದ್ರಿ, ಉಂಡ್ರಿ, ಸಂತೋಷ. ಹೊರಡಿ."

"ಇನ್ನೂ ಸಿಹಿ ಬರ್ಬೇಕಿತ್ತು..." ಚಿಕ್ಕಪ್ಪ ಅಡುಗೆಮನೆಯ ಕಡೆ ಕತ್ತು ಚಾಚಿದರು.

ಸೀಟಿ ಸಾಹೇಬರು ಅವರ ಮುಂದೆ ಬಂದು ನಿಂತರು. ಬಲಗೈಯನ್ನು ಮುಖದ ಮುಂದೆ ಗೋಡೆಯಂತೆ ಎತ್ತಿದರು. ಆಮೇಲೆ ಎಡಗೈಯನ್ನು ನಿಧಾನವಾಗಿ, ಯಾವ ಗೊಂದಲಕ್ಕೂ ಎಡೆಯಿಲ್ಲದಂತೆ, ಬಾಗಿಲಿನ ಕಡೆ ಬೀಸಿದರು. ಆ ಕೈಗೆ ಎದುರಾಡಿ ನಮ್ಮೂರಿನಲ್ಲಿ ಒಂದು ಲಾರಿಯೂ ಹೋದದ್ದಿಲ್ಲ. ಚಿಕ್ಕಪ್ಪ ಎದ್ದರು. ಬಾಗಿಲ ತನಕ ಹೋದವರು, ಏನೋ ನೆನಪಾದಂತೆ ತಿರುಗಿದರು.

"ಉಳಿದಿರೋ ಸೂಪು ಕಟ್ಟಿಕೊಡ್ತೀರಾ?"

ಸಾಹೇಬರು ಚಿಕ್ಕಮ್ಮನ ಮುಖ ನೋಡಿದರು. ಅವಳು ಆಗಲಿ ಎಂದು ತಲೆಯಾಡಿಸಿದಳು. ಡಬ್ಬಿಯಲ್ಲಿ ಹಾಕಿ ಕಟ್ಟಿಕೊಟ್ಟರು. ಅದನ್ನು ಎದೆಗವಚಿಕೊಂಡು ಚಿಕ್ಕಪ್ಪ ಕಬ್ಬಿಣದ ಮೆಟ್ಟಿಲಿಳಿದು ಹೋದರು.

ಉಳಿದವರು ನಾವು ಮೂವರು. ಸಾಹೇಬರು ಬಟ್ಟಲುಗಳನ್ನು ಒಂದರ ಮೇಲೊಂದು ಜೋಡಿಸಿದರು, ಮತ್ತೆ ಬೇರೆ ಮಾಡಿದರು.

"ಮೇಡಂ, ಒಂದು ಮಾತು. ನಿಜ ಹೇಳಿ. ಉಪ್ಪು ಕಮ್ಮಿ ಇತ್ತಾ?"

ಚಿಕ್ಕಮ್ಮ ದಿಂಬಿನ ಕುರ್ಚಿಯಲ್ಲಿ ಕುಸಿದಳು. "ಇತ್ತು."

"ಬೇರೆ?"

"ಬೇರೆ ಎಲ್ಲಾನೂ."

ಆಮೇಲೆ ಅವಳು ಎಲ್ಲವನ್ನೂ ಹೇಳಿಬಿಟ್ಟಳು, ಶಿಷ್ಯೆಯಿಂದ ಹಿಡಿದು ಊರಿನಲ್ಲೇ ಕೆಟ್ಟ ಹೋಟೆಲು ಹುಡುಕಿದವರೆಗೆ, ಒಂದನ್ನೂ ಮುಚ್ಚಿಡದೆ. ಸಾಹೇಬರು ಎದುರಿನ ಕುರ್ಚಿಯಲ್ಲಿ ಕೂತು ಕೇಳಿದರು. ಅವರು ತಮ್ಮ ಹೋಟೆಲಿನಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಮುಖ ಕೆಂಪಾಯಿತು, ಕಪ್ಪಾಯಿತು. ಕೊನೆಗೆ ಚಿಕ್ಕಮ್ಮನ ಬಟ್ಟಲಿನ ಪಕ್ಕ ಬಿದ್ದಿದ್ದ ಬ್ರೆಡ್ಡಿನ ಚೂರನ್ನು ತಣ್ಣಗಾದ ಸೂಪಿಗೆ ಅದ್ದಿ ಬಾಯಿಗಿಟ್ಟರು.

"ಥೂ!"

"ನೀವು ಇದನ್ನ ತಿಂದೇ ನೋಡಿರ್ಲಿಲ್ವಾ?" ನಾನು ಕೇಳಿದೆ.

"ಇಲ್ಲಮ್ಮ. ನನ್ನ ಊಟ ತಂಗಿ ಮನೇಲಿ." ಟವೆಲಿನಿಂದ ನಾಲಿಗೆ ಒರೆಸಿಕೊಂಡರು. "ಯಾರೂ ಒಂದು ಮಾತು ಹೇಳ್ಲಿಲ್ವಲ್ಲ! ಎಲ್ರೂ ತಲೆ ತಗ್ಗಿಸಿ ತಿಂದು ಹೋಗೋರು. ನಾನು ಊಟ ಹಿಡಿಸಿದೆ ಅಂದ್ಕೊಂಡಿದ್ದೆ."

"ನಿಮ್ಮ ಮೀಸೆ ನೋಡಿ ಯಾರು ಹೇಳ್ತಾರೆ?" ಚಿಕ್ಕಮ್ಮ ಅಂದಳು. "ಮತ್ತೆ, ಥೂ ಅನ್ಬೇಡಿ. ನಂಗೂ ಅಂದ ಹಾಗಾಗುತ್ತೆ. ನಂದೂ ಇದೇ ಕೈ ಅಂತೆ."

ಸಾಹೇಬರು ಅವಳನ್ನು ನೋಡಿದರು. ಅವಳು ಸಾಹೇಬರನ್ನು ನೋಡಿದಳು. ಮೊದಲು ಮೀಸೆ ಅಲ್ಲಾಡಿತು. ಆಮೇಲೆ ಹೊಟ್ಟೆ. ಇಬ್ಬರೂ ಮೇಜು ಬಡಿದು ಬಡಿದು ನಕ್ಕದ್ದಕ್ಕೆ ಕೆಳಗಿನ ಟೈರಂಗಡಿಯವನು ಏನಾಯಿತೋ ಎಂದು ಮೆಟ್ಟಿಲು ಹತ್ತಿ ಬಂದ. ಊಟಕ್ಕೆ ಕೂಗುತ್ತಾರೇನೋ ಎಂದು ಹೆದರಿ ಅಷ್ಟೇ ಬೇಗ ಇಳಿದೂ ಹೋದ.

ಈಗ ಆ ಹೋಟೆಲಿನಲ್ಲಿ ಸಾಹೇಬರ ತಂಗಿಯೇ ಅಡುಗೆ ಮಾಡುತ್ತಾರೆ. ಸಂಜೆಯಾದರೆ ಜಾಗ ಸಿಗುವುದಿಲ್ಲ, ಮೆಟ್ಟಿಲ ಮೇಲೆ ಜನ ಸಾಲಾಗಿ ನಿಲ್ಲುತ್ತಾರೆ. ಸಾಹೇಬರು ಬಾಗಿಲಲ್ಲಿ ನಿಂತು ಕೈ ಬೀಸುತ್ತ ಒಬ್ಬೊಬ್ಬರನ್ನೇ ಬಿಡುತ್ತಾರೆ, ಸರ್ಕಲ್ಲಿಗಿಂತ ಇಲ್ಲೇ ದಟ್ಟಣೆ ಜಾಸ್ತಿ ಎಂದು ಹೆಮ್ಮೆಪಡುತ್ತಾರೆ. ಚಿಕ್ಕಮ್ಮ ಪಾಠ ಮುಗಿಸಿ ಬರುವ ಹೊತ್ತಿಗೆ ಮಾತ್ರ ತಂಗಿಯನ್ನು ಒಲೆಯಿಂದ ಆಚೆ ಕಳಿಸಿ ತಾವೇ ಏನೋ ಬೇಯಿಸುತ್ತಾರೆ. ಅದನ್ನು ಇಬ್ಬರೂ ಬೈದುಕೊಂಡು, ಒಬ್ಬರನ್ನೊಬ್ಬರು ದೂರಿಕೊಂಡು, ತಿಂದು ಮುಗಿಸುತ್ತಾರೆ. ಆ ಮೇಜಿಗೆ ನನ್ನನ್ನೂ ಕರೆದಿದ್ದರು. ನಾನು ಪಕ್ಕದ ಮೇಜಿನಲ್ಲಿ ತಂಗಿಯವರ ಕೈಯೂಟ ಉಣ್ಣುತ್ತೇನೆ. ಬಂಧುತ್ವಕ್ಕೂ ಒಂದು ಮಿತಿಯಿದೆ.

ಮೊನ್ನೆ ಚಿಕ್ಕಮ್ಮ ನಮ್ಮ ಮನೆಗೆ ಬಂದು, ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚೇ ಹೊತ್ತು ನಿಂತು, ಭಾನುವಾರ ಸಾಹೇಬರ ಜೊತೆ ನದಿ ಕಡೆಗೆ ಹೋಗುವುದಾಗಿ ತಿಳಿಸಿದಳು. ಕಾರು ತಾನೇ ಓಡಿಸುತ್ತಾಳಂತೆ. ಅಷ್ಟು ವರ್ಷ ಲೋಕದ ಗಾಡಿಗಳನ್ನೆಲ್ಲ ನಿಲ್ಲಿಸಿದ ಸಾಹೇಬರಿಗೆ ಸ್ವತಃ ಗಾಡಿ ಓಡಿಸಲು ಬರುವುದಿಲ್ಲವಂತೆ.

"ಮಧ್ಯಾಹ್ನದ ಊಟ ಕಟ್ಕೊಂಡು ಹೋಗ್ತೀವಿ," ಅಂದಳು. "ನೀವಿಬ್ರೂ ಬನ್ನಿ."

ಅಮ್ಮ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಆಚೆ ಬಂದಳು. ಚಿಕ್ಕಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ಕಣ್ಣಿನಲ್ಲಿ ಸಂತೋಷವಿತ್ತು, ಅದರ ಪಕ್ಕದಲ್ಲೇ ಭಯವೂ ಇತ್ತು.

"ಅಡುಗೆ ಯಾರದು? ನಿಂದಾ, ಅವರದಾ?"

"ಇಬ್ರೂ ಸೇರಿ ಮಾಡ್ತೀವಿ," ಅಂದಳು ಚಿಕ್ಕಮ್ಮ.

ಭಾನುವಾರ ಕನ್ನಡಕದ ಅಂಗಡಿಗೆ ರಜೆ. ಆದರೂ ನನಗೆ ತುಂಬಾ ಕೆಲಸವಿದೆ ಎಂದೆ.